ಫೋಟೊದಲ್ಲಿರುವ ಮೀನು ಯಾವುದು?

ಹೋದ ಬೇಸಿಗೆಯಲ್ಲಿ ಅಕ್ಕನ ಸಂಸಾರ ಬೆಂಗಳೂರಿನಿಂದ ಕೊಡಗಿಗೆ ಬಂದಿತ್ತು. ಹೊಳೆ ದಂಡೆಯ ಒಂದು ಹೋಂಸ್ಟೇಯವರು ‘ಮಕ್ಕಳಿಗೆ ಮರೆಯಲಾಗದ ಅನುಭವ’ ಎಂದು ಗಾಳ ಹಾಕಿಸಿದರು. ಎಂಟು ವರ್ಷದ ಅಳಿಯನ ಗಾಳಕ್ಕೆ ಮೀನು ಬಿತ್ತು. ಭಾವ ಫೋನ್ ತೆಗೆದರು. ‘ಇನ್ನೊಂದು ತಕೊಳ್ಳಿ ಸಾರ್’ ಅಂದ ಗೈಡ್. ಐದಾರು ಫೋಟೊ ಆಗುವವರೆಗೂ ಮೀನು ನೀರಿನ ಹೊರಗೇ ಇತ್ತು. ಬಿಟ್ಟಾಗ ಒಂದು ಪಕ್ಕಕ್ಕೆ ವಾಲಿಕೊಂಡೇ ತೇಲಿಹೋಯಿತು. ‘ಯಾವ ಮೀನು?’ ಎಂದು ಹುಡುಗ ಕೇಳಿದ. ‘ಮಹಶೀರ್’ ಅಂದ ಗೈಡ್.

ಅದು ಉತ್ತರವೇ ಅಲ್ಲ ಎಂಬುದು ನನ್ನ ತಕರಾರು.

ಕಾವೇರಿ ಕಣಿವೆಗೇ ಸೇರಿದ ಮಹಶೀರ್ ಒಂದಿದೆ. ಗೂನು ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನದನ್ನು ಗಾಳಕ್ಕೆ ಹಿಡಿದ ಕಥೆಯನ್ನು ಗಾಳದವರು ಇವತ್ತಿಗೂ ಹೇಳುತ್ತಾರೆ. ಎಚ್.ಎಸ್. ಥಾಮಸ್ ಭಾರತದ ಗಾಳಗಾರಿಕೆಯ ಬಗ್ಗೆ ಪುಸ್ತಕ ಬರೆದದ್ದು 1873ರಲ್ಲಿ. ಅಲ್ಲಿಂದ ಒಂದೂವರೆ ಶತಮಾನ ದೊರೆಗಳು, ರಾಜರು, ಆಮೇಲೆ ಪ್ರವಾಸಿಗಳು ಇದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಇಷ್ಟಾದರೂ ಇದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ: ಟಾರ್ ರೆಮಾದೇವಿ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಕೊಟ್ಟಿದ್ದ ಹೆಸರು ಅದು. ಎರಡೂ ಒಂದೇ ಎಂದು ಆಗ ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ನಾಮಕರಣದ ದಿನವೇ ತಿಥಿಯ ಲೆಕ್ಕ.

ಈಗ ಗಾಳಕ್ಕೆ ಬೀಳುವುದು ಹೆಚ್ಚಾಗಿ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಲೋನಾವಳದ ಮರಿಕೇಂದ್ರದಲ್ಲಿ 1970ರ ದಶಕದಿಂದ ಮರಿ ಮಾಡಿಸಿ ಊರೂರ ನದಿಗೆ ಹಂಚಿದ ತಳಿ. ಸಂರಕ್ಷಣೆ ಎಂದೇ ತಂದು ಕಾವೇರಿಗೆ ಬಿಟ್ಟರು. ಮೀನು ಹೆಚ್ಚಿತು, ಗಾಳದವರಿಗೂ ಖುಷಿಯಾಯಿತು. ಯಾವ ಮೀನು ಹೆಚ್ಚಿತು ಎಂದು ಕೇಳಿದವರು ಕಡಿಮೆ.

ಹಾಗೆಂದು ಗಾಳವನ್ನೇ ನಿಷೇಧಿಸಿ ಎನ್ನುವವರ ಜೊತೆಗೂ ನಾನಿಲ್ಲ. ವಾಲ್ನೂರಿನಲ್ಲಿ ಕೊಡಗು ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ತೋಟೆ ಸಿಡಿಸುವವರಿಂದ ಕಾದದ್ದು, ಹಿಡಿದ ಮೀನನ್ನು ಮರಳಿ ಬಿಡುವ ನಿಯಮದ ಗಾಳಗಾರರನ್ನು ನಂಬಿಕೊಂಡೇ. ಇನ್ನೂ ಕೆಳಗೆ, ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಗೂನು ಬೆನ್ನಿನದು ಕುಸಿದು ನೀಲಿ ರೆಕ್ಕೆಯದು ಏರಿದ್ದು ಬಯಲಾದದ್ದು ಆ ಪುಸ್ತಕಗಳಿಂದ. ಅಭಯಾರಣ್ಯದೊಳಗೆ ಗಾಳ ನಿಂತಿತು, ಆ ಲೆಕ್ಕವೂ ನಿಂತಿತು. (ಸಂಶೋಧನಾ ವಿದ್ಯಾರ್ಥಿಗೆ ಹಳೆ ರಿಜಿಸ್ಟರಿನ ಮೇಲೆ ಮೋಹ ಜಾಸ್ತಿ, ಒಪ್ಪುತ್ತೇನೆ.)

ಅನುಭವ ಮಾರುವವರಲ್ಲಿ ನಾನು ಕೇಳುವುದು ಇಷ್ಟೇ: ಮೀನನ್ನು ನೀರಿನಲ್ಲೇ ಹಿಡಿದು ಫೋಟೊ ತೆಗೆಸಿ. ರೆಕ್ಕೆಯ ಬಣ್ಣ, ಉದ್ದ, ತಾರೀಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ಕೆಲಸವನ್ನು ಮಕ್ಕಳಿಗೇ ಕೊಡಿ, ಸಂತೋಷದಿಂದ ಮಾಡುತ್ತಾರೆ.

ಅಳಿಯನ ಫೋಟೊ ಈಗ ಅಕ್ಕನ ಫ್ರಿಜ್ಜಿನ ಮೇಲಿದೆ. ಮೊನ್ನೆ ಹೋದಾಗ ಹತ್ತಿರ ನಿಂತು ನೋಡಿದೆ. ಹುಡುಗನ ಎರಡೂ ಅಂಗೈ ರೆಕ್ಕೆಗಳನ್ನೇ ಮುಚ್ಚಿಕೊಂಡಿವೆ.