ಸ್ಮಾರ್ಟ್ ಮೀಟರ್ ಜೋರಾಗಿ ಓಡುತ್ತಂತೆ!

"ಸ್ಮಾರ್ಟ್ ಮೀಟರ್ ಓಡೋದೇ ಜೋರು, ಬಿಲ್ ಜಾಸ್ತಿ ಬರುತ್ತೆ"... ಈ ಮಾತು ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ. ಅನುಮಾನ ಇದ್ದರೆ ಅಳೆದು ನೋಡಿ. ಮೀಟರಿನಲ್ಲಿ ಪುಟ್ಟ ಕೆಂಪು ಎಲ್ಇಡಿ ಮಿನುಗುತ್ತಿರುತ್ತೆ. ಯೂನಿಟ್ಟಿಗೆ ಎಷ್ಟು ಸಲ ಅಂತ ಪಕ್ಕದಲ್ಲೇ ಬರೆದಿರುತ್ತೆ. 3200 ಅಂತಿದ್ದರೆ, ಮನೇಲಿ ಉಳಿದಿದ್ದೆಲ್ಲ ಆಫ್ ಮಾಡಿ, ಹಳೇ 100 ವ್ಯಾಟ್ ಬಲ್ಬೊಂದನ್ನೇ 6 ನಿಮಿಷ ಉರಿಸಿ. 32 ಸಲ ಮಿನುಗಬೇಕು. (ವೋಲ್ಟೇಜ್ ಏರಿಳಿದರೆ ಎರಡು ಮೂರು ಆಚೀಚೆ ಆದೀತು.) ಐವತ್ತು ಬಂತಾ? ದೂರು ಕೊಡಿ, ನಾನೂ ನಿಮ್ಮ ಕಡೆ.

ಜಗಳ ಆಡಬೇಕಾದ್ದು ಬೇರೆ ವಿಷಯಕ್ಕೆ. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ, ಸಾವಿರದ ಆಸುಪಾಸು ಇದ್ದ ಸಿಂಗಲ್ ಫೇಸ್ ಮೀಟರಿನ ಬೆಲೆ ಸುಮಾರು ಐದು ಸಾವಿರಕ್ಕೆ ಏರಿತು. ದುಡ್ಡು ನಮ್ಮದು. ಲಾಭ? ರೀಡಿಂಗಿಗೆ ಜನ ಕಳಿಸೋದು ಬೇಡ, ಬಿಲ್ ಕಟ್ಟದಿದ್ದರೆ ಕೂತಲ್ಲಿಂದಲೇ ಕರೆಂಟ್ ಕಟ್. ಎಲ್ಲ ಕಂಪನಿಗೇ!

ನಮಗೆ ಸಿಗಬೇಕಾದ್ದು ಲೆಕ್ಕ. ಈ ಪೆಟ್ಟಿಗೆ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಬಳಕೆ ಬರೆದಿಡುತ್ತೆ. ಬೆಳಿಗ್ಗೆ ಗೀಸರ್ ಎಷ್ಟು ತಿಂತು, ಯಾವತ್ತು ಮನೆಗೆ ಬೀಗ ಹಾಕಿತ್ತು, ಎಲ್ಲ ಅದರಿಂದ ಗೊತ್ತಾಗುತ್ತೆ. ದಿನಕ್ಕೊಮ್ಮೆಯಾದರೂ ರೀಡಿಂಗ್ ತೆಗೆದು ಗ್ರಾಹಕರ ಜೊತೆ ಹಂಚಿಕೊಳ್ಳಬೇಕು ಅಂತ ಕೇಂದ್ರದ 2023ರ ತಿದ್ದುಪಡಿ ನಿಯಮವೇ ಹೇಳುತ್ತೆ. ಬಿಸಿಲ ಹೊತ್ತಿಗೆ ಕಡಿಮೆ ದರ, ಪೀಕ್ ಹೊತ್ತಿಗೆ ಹೆಚ್ಚು ಅನ್ನೋದೂ ಅದರಲ್ಲೇ ಇದೆ. ಗಂಟೆವಾರು ಲೆಕ್ಕ ಕೈಗೆ ಕೊಡದೆ ಗಂಟೆವಾರು ದರ ಹಾಕಿದರೆ ನಾವು ಯಾವುದನ್ನ ನೋಡಿಕೊಂಡು ಗೀಸರ್ ಆರಿಸಬೇಕು ಸ್ವಾಮಿ?