ನಮಗ್ಯಾಕ ಬೇಕ್ರಿ ಸಮುದ್ರ?

ಸಾಧನಕೇರಿಯ ದಂಡೆಯಲ್ಲಿ ಸಂಜೆ ಕೂಡುವ ನಮ್ಮ ಗೆಳೆಯರ ಕೂಟದಲ್ಲಿ ಮೊನ್ನೆ ಒಂದು ಮಾತು ಬಂದಿತು. ಹಿರಿಯರೊಬ್ಬರ ಮಗಳು ನೌಕಾದಳಕ್ಕೆ ಅರ್ಜಿ ಹಾಕುವೆನೆನ್ನುತ್ತಾಳೆ. ಹಾಯಿದೋಣಿಯಲ್ಲಿ ಸಾಗರ ದಾಟಬೇಕೆಂಬ ಹುಚ್ಚು ಅವಳಿಗೆ. "ನಮಗ್ಯಾಕ ಬೇಕ್ರಿ ಸಮುದ್ರದ ಉಸಾಬರಿ? ನಾವು ಬಯಲಸೀಮಿ ಮಂದಿ" ಎಂದರು ತಂದೆ. ಎಲ್ಲರೂ ತಲೆದೂಗಿದರು. ಅಲ್ಲಿ ಜಗಳ ತೆಗೆಯುವ ಧೈರ್ಯ ನನಗಾಗಲಿಲ್ಲ. ಆದ್ದರಿಂದ ಇಲ್ಲಿ ತೆಗೆಯುತ್ತಿದ್ದೇನೆ.

ಬಯಲುಸೀಮೆಯ ಮಾತನ್ನೇ ಮೊದಲು ನೋಡೋಣ. 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ 'ತಾರಿಣಿ' ಎಂಬ ಹಾಯಿದೋಣಿ ಹೊರಟಿತು. ನಮ್ಮ ಎರಡು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೂ ಅದಕ್ಕಿಂತ ಉದ್ದವಾದಾವು. ಒಳಗೆ ನೌಕಾದಳದ ಆರು ಜನ ಹೆಣ್ಣುಮಕ್ಕಳು, ಬೇರೆ ಯಾರೂ ಇಲ್ಲ. ಭೂಮಂಡಲ ಸುತ್ತಿ 2018ರ ಮೇ 21ರಂದು ತಿರುಗಿ ಬಂದರು. ಇವರಲ್ಲಿ ಕಡಲ ದಂಡೆಯವರೆಷ್ಟು? ನಾಯಕಿ ವರ್ತಿಕಾ ಜೋಶಿ ಋಷಿಕೇಶದವರು. ಪ್ರತಿಭಾ ಜಾಮ್ವಾಲ್ ಕುಲ್ಲುವಿನವರು, ಪಾಯಲ್ ಗುಪ್ತಾ ಡೆಹರಾಡೂನಿನವರು, ವಿಜಯಾದೇವಿ ಮಣಿಪುರದವರು, ಐಶ್ವರ್ಯಾ ಬೊಡ್ಡಪಾಟಿ ಹೈದರಾಬಾದಿನವರು. ಕಡಲೂರಿನವರೆಂದರೆ ವಿಶಾಖಪಟ್ಟಣದ ಪಿ. ಸ್ವಾತಿ ಒಬ್ಬರೇ! ಹಿಮಾಲಯದ ಬುಡದವರಿಗೆ ಒಲಿದ ವಿದ್ಯೆ ಧಾರವಾಡದವರಿಗೆ ಒಲಿಯದೆ? ಕಾರವಾರ ನಮಗೆ ಅರ್ಧ ದಿನದ ಬಸ್ಸಿನ ಹಾದಿ.

ಈ ತಂಡ ಪಳಗಿದ್ದು ಇನ್ನೊಂದು ದೋಣಿಯಲ್ಲಿ. ಅದರ ಹೆಸರು 'ಮ್ಹಾದೇಯಿ'. ಅಂದರೆ ನಮ್ಮ ಮಹದಾಯಿಯೇ. ಖಾನಾಪುರದ ಕಾಡಿನಲ್ಲಿ ಹುಟ್ಟಿ, ಗೋವೆಯಲ್ಲಿ ಮಾಂಡವಿಯೆನಿಸಿ ಸಮುದ್ರ ಸೇರುವ ಹೊಳೆ. ದಿಲೀಪ್ ದೊಂದೆಯವರು 2009-10ರಲ್ಲಿ, ಅಭಿಲಾಷ್ ಟಾಮಿಯವರು 2012-13ರಲ್ಲಿ ಒಬ್ಬೊಬ್ಬರೇ ಜಗತ್ತು ಸುತ್ತಿದ್ದು ಇದೇ ದೋಣಿಯಲ್ಲಿ. ಟಾಮಿಯವರಂತೂ ಎಲ್ಲಿಯೂ ನಿಲ್ಲದೆ. 2018ರಲ್ಲಿ ನ್ಯಾಯಾಧಿಕರಣವು ಮಲಪ್ರಭೆಗೆ ತಿರುಗಿಸಲು ಕೊಟ್ಟ 3.9 ಟಿ.ಎಂ.ಸಿ. ನೀರಿನ ಲೆಕ್ಕ ಹುಬ್ಬಳ್ಳಿಯಲ್ಲಿ ಬಹಳ ಜನಕ್ಕೆ ಬಾಯಿಪಾಠ. ಆ ದೋಣಿಯ ಹೆಸರು ಕೇಳಿದವರು ಮಾತ್ರ ನನಗಿನ್ನೂ ಸಿಕ್ಕಿಲ್ಲ. ನೀರಿನ ಕೂಗು ನ್ಯಾಯವಾದದ್ದೇ. ಎಂಟು ದಿನಕ್ಕೊಮ್ಮೆ ಬರುತ್ತಿದ್ದ ನಲ್ಲಿಗೆ ಕೊಡ ಹಚ್ಚಿ ನಡುರಾತ್ರಿ ಕೂತವನು ನಾನೂ. ಆದರೆ ಮಹದಾಯಿಯನ್ನು ಮೂಡಲಕ್ಕೆ ತಿರುಗಿಸಿರೆಂದು ಬೀದಿಗಿಳಿಯುವ ನಾವು, ಮನೆಯ ಒಂದು ಮಗುವನ್ನು ಪಡುವಲಕ್ಕೆ ಕಳಿಸೆಂದರೆ ಬಾಗಿಲು ಹಾಕಿಕೊಳ್ಳುವುದೆ?

ಅಪಾಯವಿಲ್ಲವೇ ಎಂದರೆ, ಇದೆ. ತಾರಿಣಿಯ ಚುಕ್ಕಾಣಿ ನಡುದಾರಿಯಲ್ಲಿ ಕೆಟ್ಟು ಮಾರಿಷಸ್ಸಿನಲ್ಲಿ ನಿಲ್ಲಬೇಕಾಯಿತು. 2018ರ ಸೆಪ್ಟೆಂಬರಿನಲ್ಲಿ ಬೇರೊಂದು ದೋಣಿಯಲ್ಲಿದ್ದಾಗ ಟಾಮಿಯವರ ಹಾಯಿಕಂಬ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ, ಪರದೇಶದ ಹಡಗು ಬಂದು ಎತ್ತಿಕೊಳ್ಳಬೇಕಾಯಿತು. ಅದೇ ಪಂದ್ಯಕ್ಕೆ ಮತ್ತೆ ಹೋಗಿ 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರೆಂಬುದನ್ನೂ ಹೇಳಬೇಕು. 2024-25ರಲ್ಲಿ ತಾರಿಣಿಯನ್ನು ಮತ್ತೆ ಜಗತ್ತು ಸುತ್ತಿಸಿ ತಂದವರು ದಿಲ್ನಾ ಮತ್ತು ರೂಪಾ, ಇಬ್ಬರೇ ಹೆಣ್ಣುಮಕ್ಕಳು. ನಮ್ಮ ಗೆಳೆಯರಾದರೋ ಇದೇ ಮಗಳನ್ನು ದಿನಾಲೂ ಚೆನ್ನಮ್ಮ ವೃತ್ತದ ಗದ್ದಲದಲ್ಲಿ ಸ್ಕೂಟರಿನ ಮೇಲೆ ಕಳಿಸುತ್ತಾರೆ. ಆಗ ಅವರ ಎದೆ ನಡುಗಿದ್ದನ್ನು ನಾನು ಕಂಡಿಲ್ಲ.

ರಾಯರೇ, ಈ ಪುರವಣಿ ನಿಮ್ಮ ಮನೆಗೆ ಬರುತ್ತದೆಂದು ಬಲ್ಲೆ. ಹುಡುಗಿ ಅರ್ಜಿ ತುಂಬಿಟ್ಟು, ನಿಮ್ಮ ಮುಖ ನೋಡುತ್ತ ಕಳಿಸದೆ ಕೂತಿದ್ದಾಳೆ. ಕೊನೆಯ ತಾರೀಖಿಗೆ ಇನ್ನು ಹನ್ನೊಂದು ದಿನ.