ಅಜ್ಜನ ರೇಜರು

‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಪ್ರಾಚೀನ ವೀರಗಲ್ಲು ಇರುವ ಬೇಗೂರು ಇಂದು ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳು ಬಾಡಿಗೆಗಿರುವ ಊರು. ಅವರಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. ಹಬ್ಬಕ್ಕೆ ಬಂದು ಮರಳುವಾಗ ಅಟ್ಟದ ಪೆಟ್ಟಿಗೆಯಿಂದ ಅಜ್ಜನ ರೇಜರನ್ನು ಒಯ್ಯುವ ಹುಡುಗನನ್ನು ಯಾರೂ ಪರಿಹಾಸ್ಯ ಮಾಡಬೇಕಿಲ್ಲ. ಹಿತ್ತಾಳೆಯ ತೂಕ, ತಿರುಪಿನ ನಯ, ಬಿಚ್ಚಿ ತೊಳೆದು ಮತ್ತೆ ಜೋಡಿಸುವ ಸುಖ ಇವು ಸುಳ್ಳಲ್ಲ. (ಹಿತ್ತಾಳೆಯೆಂದು ಹುಣಸೆಹುಳಿಯಲ್ಲಿ ನೆನೆಸಬಾರದು, ಮೇಲಿನ ನಿಕ್ಕಲ್ ಲೇಪ ಮಂಕಾದೀತು. ಬಿಸಿನೀರು, ಸಾಬೂನು ಸಾಕು.)

ಆದರೆ ಈ ವಸ್ತುವಿನ ಜಾತಕ ಅಷ್ಟು ನಿರ್ಮಲವಲ್ಲ. 1904ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಬೇಕಿದ್ದುದು ಮಸೆಯದೆ ಎಸೆಯುವ, ಮತ್ತೆ ಮತ್ತೆ ಕೊಳ್ಳಲೇಬೇಕಾದ ಬ್ಲೇಡು. ಬಳಸಿ ಬಿಸಾಡುವ ವ್ಯಾಪಾರದ ಮೂಲಪುರುಷರಲ್ಲಿ ಆತನೂ ಒಬ್ಬ. ಹಿಡಿ ಉಳಿಯಿತೆಂಬುದಷ್ಟೇ ಸಮಾಧಾನ. 1971ರಲ್ಲಿ ಅದೇ ಸಂಸ್ಥೆ ತಂದ ಎರಡು ಅಲಗಿನ ಕಾರ್ಟ್ರಿಜ್‌ನಲ್ಲಿ ಉಕ್ಕೂ ಪ್ಲಾಸ್ಟಿಕ್ಕೂ ಬೇರ್ಪಡಿಸಲಾಗದಂತೆ ಬೆಸೆದುಕೊಂಡವು. ಹಳೆಯ ಬ್ಲೇಡಾದರೋ ಬರಿಯ ಉಕ್ಕು, ಕರಗಿಸಬಹುದು.

ಅದಕ್ಕೂ ಹಿಂದಿನದು ಕ್ಷೌರಿಕನ ಹಡಪದಲ್ಲಿದ್ದ ಕತ್ತಿ. ಸಾಣೆಕಲ್ಲು, ತೊಗಲಿನ ಪಟ್ಟಿ ಇದ್ದರೆ ತಲೆಮಾರು ಬಾಳುತ್ತಿತ್ತು. ದಕ್ಷಿಣ ಭಾರತದ ‘ವೂಟ್ಜ್’ ಉಕ್ಕಿನಿಂದ ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಕ್ಷೌರದ ಕತ್ತಿಗಳನ್ನು ಮಾಡಿದ; 1820ರಲ್ಲಿ ಮೈಕೆಲ್ ಫ್ಯಾರಡೆಯೊಡನೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳನ್ನು ಪ್ರಕಟಿಸಿದ. ಆ ಹೆಸರು ಕನ್ನಡದ ‘ಉಕ್ಕು’ವಿನಿಂದ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹೆಮ್ಮೆಪಡುವಾಗ ಕುಲುಮೆಯಲ್ಲಿ ಉರಿದ ಇದ್ದಿಲನ್ನೂ ನೆನೆಯಬೇಕು. ಅದು ಕಾಡಿನಿಂದಲೇ ಬಂದದ್ದು.

ಆದ್ದರಿಂದ ಮನೆಯಲ್ಲಿರುವ ಒಂದನ್ನು ದಿನವೂ ಬಳಸುವುದು ಬೇರೆ, ದೇಶವಿದೇಶಗಳಿಂದ ಐವತ್ತನ್ನು ತರಿಸಿ ಗಾಜಿನ ಕಪಾಟಿನಲ್ಲಿ ಸಾಲಾಗಿಡುವುದು ಬೇರೆ. ಎರಡನೆಯದು ಹಳತಿನ ವೇಷ ತೊಟ್ಟ ಹೊಸ ಕೊಳ್ಳುಬಾಕತನ.

ಇನ್ನು ಸವೆದ ಬ್ಲೇಡಿನ ಪ್ರಶ್ನೆ. ಹಿಂದೆ ಅದು ಪೆನ್ಸಿಲ್ ಹೆರೆಯಲು, ಹೊಲಿಗೆ ಬಿಚ್ಚಲು ಒದಗುತ್ತಿತ್ತು. ಕೊನೆಗೆ ತಿಪ್ಪೆ ಸೇರುತ್ತಿತ್ತು. ಬೇಗೂರಿನ ಬಾಡಿಗೆಮನೆಯಿಂದ ಬಿಡಿಯಾಗಿ ಬುಟ್ಟಿಗೆ ಬಿದ್ದರೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಕುಯ್ಯುತ್ತದೆ. ಮುಚ್ಚಳಕ್ಕೆ ಸೀಳು ಕೊರೆದ ತಗಡಿನ ಡಬ್ಬಿಯೊಂದು ಸಾಕು, ಒಬ್ಬನ ಹಲವು ವರ್ಷಗಳ ಬ್ಲೇಡು ಅದರಲ್ಲಿ ಹಿಡಿಸುತ್ತದೆ. ತುಂಬಿದ ಮೇಲೆ ಸೀಳಿಗೆ ಪಟ್ಟಿ ಅಂಟಿಸಿ, ಮೇಲೆ ‘ಬ್ಲೇಡು’ ಎಂದು ಬರೆದು, ಕಸ ಒಯ್ಯುವವರಿಗೆ ಹೇಳಿ ಪ್ರತ್ಯೇಕವಾಗಿ ಕೊಡಬೇಕು. ಊರಿನ ಮನೆಗಳಲ್ಲಿ ಇದು ಇನ್ನೂ ಅಗತ್ಯ. ತಿಪ್ಪೆಗೆ ಎಸೆದ ಬ್ಲೇಡು ಗೊಬ್ಬರದ ಬುಟ್ಟಿಯೊಡನೆ ಅಡಿಕೆ ತೋಟಕ್ಕೆ ಹೋಗುತ್ತದೆ. ಅಲ್ಲಿ ಗೊಬ್ಬರ ಹರಡುವವರು ಬರಿಗೈಯಲ್ಲಿ, ಬರಿಗಾಲಿನಲ್ಲಿ ಇರುತ್ತಾರೆ.